ಹಿಡಿತ ಬೇಕು, ಬಿಗಿತ ಬೇಡ

ಸೈಕಲ್ ಕಲಿಯುವ ಮಗನಿಗೆ ‘ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೋ’ ಎಂದು ಅಪ್ಪ ಕೂಗುತ್ತಾನೆ. ಜಾತ್ರೆಯ ಗದ್ದಲದಲ್ಲಿ ‘ಕೈ ಬಿಡಬೇಡ, ಗಟ್ಟಿಯಾಗಿ ಹಿಡ್ಕೋ’ ಎನ್ನುತ್ತಾಳೆ ಅಮ್ಮ. ಸಿಟಿ ಬಸ್ಸಿನ ಕಂಡಕ್ಟರ್ ಹೇಳುವುದೂ ಅದನ್ನೇ. ಗಟ್ಟಿಯಾಗಿ ಹಿಡಿದರೆ ಕ್ಷೇಮ ಎಂಬುದು ಮಕ್ಕಳು ಮಾತು ಕಲಿಯುವ ಮೊದಲೇ ಕಲಿಯುವ ಪಾಠ.

ಆದರೆ ಗಟ್ಟಿಯಾಗಿ ಹಿಡಿದಷ್ಟೂ ಕೆಡುವ ಕೆಲಸಗಳೂ ಇವೆ. ತುಂಬಿದ ಕಾಫಿ ಲೋಟವನ್ನು ಮಗುವಿನ ಕೈಗೆ ಕೊಟ್ಟು ‘ಚೆಲ್ಲೀಯ, ಜೋಕೆ!’ ಎಂದು ಹೇಳಿ ನೋಡಿ. ಮಗು ಲೋಟವನ್ನು ಬಿಗಿಯಾಗಿ ಹಿಡಿಯುತ್ತದೆ, ಕೈ ನಡುಗುತ್ತದೆ, ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕಾಫಿ ನೆಲದ ಮೇಲಿರುತ್ತದೆ. ಏನನ್ನೂ ಹೇಳದೆ ಕೊಟ್ಟಿದ್ದರೆ ಬಹುಶಃ ಚೆಲ್ಲುತ್ತಿರಲಿಲ್ಲ. ಮೊದಲ ದಿನ ಗುದ್ದಲಿ ಹಿಡಿದವನ ಅಂಗೈಯಲ್ಲಿ ಸಂಜೆಗೆ ಬೊಬ್ಬೆ ಏಳುತ್ತದೆ. ಇಪ್ಪತ್ತು ವರ್ಷ ಅಗೆದವನ ಕೈ ಆ ಕಾವನ್ನು ಹಿಡಿದೂ ಹಿಡಿಯದಂತೆ ಹಿಡಿದಿರುತ್ತದೆ.

ಈ ಗುಟ್ಟು ಅತ್ಯಂತ ಸ್ಪಷ್ಟವಾಗಿ, ಮಿಲಿಮೀಟರಿನ ಲೆಕ್ಕದಲ್ಲಿ ಕಾಣಸಿಗುವುದು ಸ್ನೂಕರ್ ಆಟದಲ್ಲಿ. ಅಲ್ಲಿ ಆಟಗಾರ ಹಿಡಿಯುವ ಉದ್ದನೆಯ ಕೋಲಿಗೆ ‘ಕ್ಯೂ’ ಎಂದು ಹೆಸರು. ಹೊಸದಾಗಿ ಕಲಿಯಲು ಬಂದ ಹುಡುಗ ಹುಡುಗಿಯರು ಆ ಕೋಲನ್ನು ಹಿಡಿಯುವ ರೀತಿಯಲ್ಲೇ ಅರ್ಧ ಆಟ ನಿರ್ಧಾರವಾಗಿಬಿಡುತ್ತದೆ.

ಭಾರತದಲ್ಲೇ ಹುಟ್ಟಿದ ಆಟ

ಸ್ನೂಕರ್ ಇಂಗ್ಲೆಂಡಿನ ಆಟ ಎಂದೇ ಹಲವರ ನಂಬಿಕೆ. ಆದರೆ ಅದರ ತೊಟ್ಟಿಲು ಮಧ್ಯಪ್ರದೇಶದ ಜಬಲ್‌ಪುರ. 1875ರಲ್ಲಿ ಅಲ್ಲಿದ್ದ ಬ್ರಿಟಿಷ್ ಸೇನೆಯ ಯುವ ಅಧಿಕಾರಿ ನೆವಿಲ್ ಚೇಂಬರ್ಲಿನ್ ಮತ್ತು ಅವನ ಸಂಗಡಿಗರು ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಈ ಆಟ ಶುರು ಮಾಡಿದರು. (ಮುಂದೆ ಬ್ರಿಟನ್ನಿನ ಪ್ರಧಾನಿಯಾದ ನೆವಿಲ್ ಚೇಂಬರ್ಲಿನ್ ಬೇರೆ, ಇವನೇ ಬೇರೆ.) ಆಟದ ನಿಯಮಗಳು ಬರಹಕ್ಕೆ ಇಳಿದದ್ದು 1882ರಲ್ಲಿ, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನ ಮೂಲಕ ಹೋದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ.

ಮೇಜಿನ ಉದ್ದ ಸುಮಾರು 12 ಅಡಿ, ಅಗಲ 6 ಅಡಿ. ಅಂಚಿನಲ್ಲಿ ಆರು ಪಾಕೆಟ್‌ಗಳು. ಮೇಲೆ 15 ಕೆಂಪು, 6 ಬೇರೆ ಬೇರೆ ಬಣ್ಣದ, 1 ಬಿಳಿ ಚೆಂಡು. ಪ್ರತಿ ಚೆಂಡಿನ ವ್ಯಾಸ 52.5 ಮಿಲಿಮೀಟರ್. ಕೋಲಿನ ತುದಿ ತಾಗಬೇಕಾದದ್ದು ಬಿಳಿ ಚೆಂಡಿಗೆ ಮಾತ್ರ. ಬಿಳಿ ಚೆಂಡು ಓಡಿ ಬೇರೆ ಚೆಂಡಿಗೆ ಬಡಿದು ಅದನ್ನು ಪಾಕೆಟ್ಟಿಗೆ ಕಳಿಸಬೇಕು. ಕೇರಂ ಬಲ್ಲವರಿಗೆ ಇದು ಹೊಸದಲ್ಲ. ಸ್ಟ್ರೈಕರಿನ ಜಾಗದಲ್ಲಿ ಬಿಳಿ ಚೆಂಡು, ಬೆರಳಿನ ಜಾಗದಲ್ಲಿ ಕೋಲು, ಅಷ್ಟೆ.

ಅರ್ಧ ಡಿಗ್ರಿ ತಪ್ಪಿದರೆ?

ಕೋಲು ಹಿಡಿಯುವುದಕ್ಕೂ ಇಷ್ಟು ದೊಡ್ಡ ಪಾಠ ಏಕೆ ಎಂದು ಕೇಳಬಹುದು. ಹೈಸ್ಕೂಲಿನ ಗಣಿತ ಬಲ್ಲವರು ಈ ಲೆಕ್ಕವನ್ನು ಮಾಡಿ ನೋಡಲಿ.

ಬಿಳಿ ಚೆಂಡು 2 ಮೀಟರ್ ಓಡಿ ಕೆಂಪು ಚೆಂಡಿಗೆ ಬಡಿಯಬೇಕು. ಅಲ್ಲಿಂದ ಕೆಂಪು ಚೆಂಡು ನೇರವಾಗಿ 1 ಮೀಟರ್ ಓಡಿ ಪಾಕೆಟ್ಟಿಗೆ ಬೀಳಬೇಕು. ಹೊಡೆಯುವಾಗ ಕೋಲು ಅರ್ಧ ಡಿಗ್ರಿಯಷ್ಟು ಬದಿಗೆ ತಿರುಗಿತು ಎಂದಿಟ್ಟುಕೊಳ್ಳಿ. ಅರ್ಧ ಡಿಗ್ರಿ ಎಂದರೆ ಗೋಡೆ ಗಡಿಯಾರದ ಗಂಟೆ ಮುಳ್ಳು ಒಂದು ನಿಮಿಷದಲ್ಲಿ ತಿರುಗುವಷ್ಟು. ಕಣ್ಣಿಗೆ ಕಾಣದ ಕೋನ ಅದು.

2 ಮೀಟರ್ ಓಡುವಷ್ಟರಲ್ಲಿ ಬಿಳಿ ಚೆಂಡು ದಾರಿಯಿಂದ ಹದಿನೇಳೂವರೆ ಮಿಲಿಮೀಟರ್ ಸರಿದಿರುತ್ತದೆ. ಇದು ಚೆಂಡಿನ ವ್ಯಾಸದ ಮೂರನೇ ಒಂದು ಭಾಗ. ನಡುವಿಗೆ ಬಡಿಯಬೇಕಾದದ್ದು ಬದಿಗೆ ಬಡಿಯುತ್ತದೆ. ಆಗ ಕೆಂಪು ಚೆಂಡು ಹೊರಡುವ ದಿಕ್ಕು 19 ಡಿಗ್ರಿಗೂ ಹೆಚ್ಚು ತಪ್ಪುತ್ತದೆ. ಒಂದು ಮೀಟರ್ ದೂರದ ಪಾಕೆಟ್ ಬಳಿ ಅದು ಸುಮಾರು 35 ಸೆಂಟಿಮೀಟರ್ ಆಚೆಗೆ ಹೋಗಿ ಕುಷನ್ನಿಗೆ ಬಡಿದಿರುತ್ತದೆ. ಅರ್ಧ ಡಿಗ್ರಿಯ ತಪ್ಪು ನಲವತ್ತು ಪಟ್ಟು ಬೆಳೆಯಿತು!

ಲೆಕ್ಕವನ್ನು ತಿರುಗಿಸಿ ಮಾಡಿದರೆ ಇನ್ನೂ ಸೋಜಿಗ. ಪಾಕೆಟ್ಟಿನ ಬಾಯಿ ಸುಮಾರು ಮೂರೂವರೆ ಅಂಗುಲ. ಅಂಚಿಗೆ ತಾಗದೆ ಕೆಂಪು ಚೆಂಡು ಅದರೊಳಕ್ಕೆ ಹೋಗಬೇಕಾದರೆ, 2 ಮೀಟರ್ ಓಡಿ ಬಂದ ಬಿಳಿ ಚೆಂಡು ಒಂದು ಮಿಲಿಮೀಟರಿಗಿಂತ ಹೆಚ್ಚು ಆಚೀಚೆ ಆಗುವಂತಿಲ್ಲ. ಪೋಸ್ಟ್‌ಕಾರ್ಡನ್ನು ನಾಲ್ಕಾಗಿ ಮಡಚಿದ ದಪ್ಪದಷ್ಟು ಅಂತರದಲ್ಲಿ ಗೆಲುವು ಸೋಲು ಕೂತಿರುತ್ತದೆ.

ಈ ಕೋನವನ್ನು ಕೆಡಿಸುವವರು ಯಾರು? ಕಣ್ಣು ಗುರಿಯನ್ನು ಸರಿಯಾಗಿಯೇ ನೋಡಿರುತ್ತದೆ. ಹೊಸಬರಲ್ಲಿ ಬಹಳ ಸಲ ಕೊನೆಯ ಗಳಿಗೆಯಲ್ಲಿ ಕೆಡಿಸುವುದು ಕೋಲಿನ ಹಿಂಭಾಗವನ್ನು ಹಿಡಿದ ಮುಷ್ಟಿ.

ಕೋಲಿಗೆ ನಾಲ್ಕು ಆಸರೆ

ಆಟಗಾರ ಮೇಜಿನ ಮೇಲೆ ಬಾಗಿದಾಗ ಕೋಲಿಗೆ ನಾಲ್ಕು ಆಸರೆಗಳಿರುತ್ತವೆ. ಮುಂದೆ, ಮೇಜಿನ ಮೇಲೆ ಊರಿದ ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವಿನ ಸಂದು. ಇದಕ್ಕೆ ‘ಬ್ರಿಡ್ಜ್’ ಎನ್ನುತ್ತಾರೆ. ಅನಂತರ ಗದ್ದ. ಆಮೇಲೆ ಎದೆ. ಕೊನೆಯದು ಹಿಂದಿನ ಬಲಗೈ. (ಎಡಚರು ಎಲ್ಲವನ್ನೂ ತಿರುಗಿಸಿ ಓದಿಕೊಳ್ಳಬೇಕು.) ಅಂದರೆ ಕೋಲಿನ ಭಾರ ಹೊರಲು, ದಾರಿ ತೋರಿಸಲು ಆಗಲೇ ಮೂವರಿದ್ದಾರೆ. ಬಲಗೈಯ ಕೆಲಸ ಅದನ್ನು ಹಿಂದಕ್ಕೆ ಮುಂದಕ್ಕೆ ಒಯ್ಯುವುದು ಮಾತ್ರ.

ಹಿಡಿಯುವ ಕ್ರಮ ಹೀಗೆ. ಕೋಲನ್ನು ಮೇಜಿನ ಮೇಲೆ ಮಲಗಿಸಿ, ನೆಲದಿಂದ ಕೊಡೆ ಎತ್ತಿಕೊಳ್ಳುವಷ್ಟು ಸಹಜವಾಗಿ ಎತ್ತಿಕೊಳ್ಳಬೇಕು. ಮೊದಲು ಹೆಬ್ಬೆರಳು ಮತ್ತು ತೋರುಬೆರಳು ಕೋಲಿನ ಸುತ್ತ ಒಂದು ಉಂಗುರದಂತೆ ಸೇರುತ್ತವೆ. ಹೆಬ್ಬೆರಳು ನೆಲದ ಕಡೆಗೆ ಮುಖ ಮಾಡಿರುತ್ತದೆ. ಮಧ್ಯದ ಬೆರಳು ಈ ಉಂಗುರಕ್ಕೆ ಜೊತೆಯಾಗುತ್ತದೆ. ಉಂಗುರ ಬೆರಳು, ಕಿರುಬೆರಳು ಕೋಲನ್ನು ಸುಮ್ಮನೆ ಸೋಕಿರುತ್ತವೆ. ಕೋಲು ಬೆರಳುಗಳ ಮೇಲೆ ಕೂರಬೇಕೇ ಹೊರತು ಅಂಗೈಯೊಳಗೆ ಹೂತುಹೋಗಬಾರದು. ಮಣಿಕಟ್ಟು ಒಳಕ್ಕೂ ತಿರುಗದೆ ಹೊರಕ್ಕೂ ತಿರುಗದೆ ಮೊಣಕೈಯಿಂದ ನೇರವಾಗಿ ಇಳಿಬಿದ್ದಿರಬೇಕು.

ಎಷ್ಟು ಬಿಗಿ? ಕೋಲು ಜಾರಿ ಬೀಳದಷ್ಟು. ಅದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ಬೇಡ. ಹಾಗೆಂದು ತೀರಾ ಸಡಿಲ ಬಿಟ್ಟರೂ ಕೋಲು ಬೆರಳುಗಳ ನಡುವೆ ಹೊರಳಾಡಿ ದಾರಿ ತಪ್ಪುತ್ತದೆ. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದರೆ ಬಿಗಿತ ಹೆಚ್ಚಾಯಿತು ಎಂದೇ ಅರ್ಥ.

ಎಲ್ಲಿ ಹಿಡಿಯಬೇಕು ಎಂಬುದಕ್ಕೆ ಅಂಗುಲದ ಲೆಕ್ಕ ಬೇಡ, ಒಂದು ಸುಲಭ ಪರೀಕ್ಷೆ ಸಾಕು. ಕೋಲಿನ ತುದಿಯನ್ನು ಬಿಳಿ ಚೆಂಡಿಗೆ ಇನ್ನೇನು ತಾಗಬೇಕು ಎಂಬಷ್ಟು ಹತ್ತಿರ ತಂದು ನಿಲ್ಲಿಸಿ. ಆಗ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ, ಅಂದರೆ ಮುಂದೋಳು, ಗಾರೆಯವರು ಗೋಡೆಯ ನೇರ ನೋಡಲು ಇಳಿಬಿಡುವ ಗುಂಡಿನ ದಾರದಂತೆ ನೆಟ್ಟಗೆ ಇಳಿದಿರಬೇಕು. ಕೈ ಹಿಂದಿದ್ದರೆ ಹಿಡಿತವನ್ನು ಮುಂದಕ್ಕೆ ತನ್ನಿ, ಮುಂದಿದ್ದರೆ ಹಿಂದಕ್ಕೆ ಒಯ್ಯಿರಿ. ಎತ್ತರದ ಆಳು ಕೋಲಿನ ತೀರ ಹಿಂದೆ ಹಿಡಿಯುತ್ತಾನೆ. ಹತ್ತು ವರ್ಷದ ಮಗು ಬಹಳ ಮುಂದೆ ಹಿಡಿಯಬೇಕಾಗುತ್ತದೆ. ದೊಡ್ಡವರ ಕೋಲು ಸಾಮಾನ್ಯವಾಗಿ 145 ಸೆಂಟಿಮೀಟರ್ ಆಸುಪಾಸು ಉದ್ದ, ಸುಮಾರು ಅರ್ಧ ಕಿಲೋ ತೂಕ. ನಿಯಮದ ಪ್ರಕಾರ ಕೋಲು 3 ಅಡಿಗಿಂತ ಗಿಡ್ಡ ಇರಬಾರದು ಅಷ್ಟೆ. ಆದ್ದರಿಂದ ಮಕ್ಕಳಿಗೆ ಗಿಡ್ಡ ಕೋಲು ಕೊಡುವುದರಲ್ಲಿ ತಪ್ಪೇನಿಲ್ಲ.

ಲೋಲಕ ಹೇಳುವ ಕಥೆ

ಈಗ ಪ್ರಶ್ನೆ: ಸಡಿಲವಾಗಿಯೇ ಏಕೆ ಹಿಡಿಯಬೇಕು? ಉತ್ತರ ಭೌತಶಾಸ್ತ್ರ ಪುಸ್ತಕದ ಲೋಲಕದಲ್ಲಿದೆ.

ಹೊಡೆಯುವಾಗ ಆಟಗಾರನ ಹೆಗಲು ಅಲುಗದು. ತೂಗುವುದು ಮುಂದೋಳು ಮಾತ್ರ. ಮೊಣಕೈ ಅದರ ಕೀಲು. ಗೋಡೆ ಗಡಿಯಾರದ ಲೋಲಕದಂತೆಯೇ ಕೈ ಒಂದು ಕಮಾನಿನಲ್ಲಿ ಚಲಿಸುತ್ತದೆ. ಆದರೆ ಕೋಲು ಚಲಿಸಬೇಕಾದದ್ದು ಕಮಾನಿನಲ್ಲಲ್ಲ, ಸರಳರೇಖೆಯಲ್ಲಿ. ಕಮಾನಿನ ಚಲನೆಯಿಂದ ನೇರ ಚಲನೆಯನ್ನು ಪಡೆಯುವುದೇ ಈ ಆಟದ ಎಂಜಿನಿಯರಿಂಗ್ ಸಮಸ್ಯೆ.

ಮೊಣಕೈಯಿಂದ ಹಿಡಿತದವರೆಗೆ 35 ಸೆಂಟಿಮೀಟರ್ ಇರಲಿ. ಕೋಲನ್ನು 20 ಸೆಂಟಿಮೀಟರ್ ಹಿಂದಕ್ಕೆ ಎಳೆದರೆ ಪೈಥಾಗೊರಸನ ಪ್ರಮೇಯದಂತೆ ಕೈ ಸುಮಾರು 6 ಸೆಂಟಿಮೀಟರ್ ಮೇಲೇಳುತ್ತದೆ. ಮುಂದೋಳು 35 ಡಿಗ್ರಿಯಷ್ಟು ಹಿಂದಕ್ಕೆ ವಾಲಿರುತ್ತದೆ. ಆದರೆ ಕೋಲು ಮುಂದೆ ಬ್ರಿಡ್ಜಿನ ಮೇಲೆ ಕೂತಿದೆ. ಅದರ ಹಿಂಭಾಗ 6 ಸೆಂಟಿಮೀಟರ್ ಎದ್ದರೆ ಕೋಲು ವಾಲುವುದು ಕೇವಲ 3 ಡಿಗ್ರಿ. ತೋಳು 35 ಡಿಗ್ರಿ ವಾಲಿತು, ಕೋಲು 3 ಡಿಗ್ರಿ ವಾಲಿತು. ಉಳಿದ 30ಕ್ಕೂ ಹೆಚ್ಚು ಡಿಗ್ರಿಯ ವ್ಯತ್ಯಾಸವನ್ನು ಯಾರಾದರೂ ನುಂಗಿಕೊಳ್ಳಲೇಬೇಕಲ್ಲ!

ಸಡಿಲವಾಗಿ ಹಿಡಿದ ಕೈಯಲ್ಲಿ ಅದನ್ನು ಬೆರಳುಗಳು ನುಂಗಿಕೊಳ್ಳುತ್ತವೆ. ಕೋಲು ಹಿಂದಕ್ಕೆ ಹೋದಂತೆ ಕಿರುಬೆರಳು, ಉಂಗುರ ಬೆರಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಹೆಬ್ಬೆರಳು ತೋರುಬೆರಳಿನ ಉಂಗುರ ಬಾಗಿಲಿನ ತಿರುಗಣಿಯಂತೆ ಕೆಲಸ ಮಾಡುತ್ತದೆ. ಕೋಲು ಮುಂದೆ ಬಂದಂತೆ ಬೆರಳುಗಳು ಮತ್ತೆ ಮುಚ್ಚಿಕೊಳ್ಳುತ್ತವೆ. ಹೊಡೆತದ ಗಳಿಗೆಯಲ್ಲಿ ತೋಳು ಕಮಾನಿನ ತಳದಲ್ಲಿರುತ್ತದೆ. ಅಲ್ಲಿ ಕಮಾನಿನ ಸ್ಪರ್ಶರೇಖೆ ನೆಲಕ್ಕೆ ಸಮಾಂತರ. ಹಾಗಾಗಿ ಕೋಲೂ ನೇರವಾಗಿ ಮುಂದಕ್ಕೆ ಸಾಗುತ್ತದೆ. ಮುಂದೋಳು ನೆಟ್ಟಗೆ ಇಳಿದಿರಬೇಕು ಎಂಬ ಪರೀಕ್ಷೆಯ ಕಾರಣವೂ ಇದೇ.

ಮುಷ್ಟಿ ಬಿಗಿದಿದ್ದರೆ? ತಿರುಗಣಿಗೆ ತುಕ್ಕು ಹಿಡಿದಂತಾಯಿತು. ಆ 30 ಡಿಗ್ರಿಯ ಹೊರೆ ಮಣಿಕಟ್ಟಿನ ಮೇಲೆ ಬೀಳುತ್ತದೆ. ಮಣಿಕಟ್ಟಾದರೋ ಮೇಲೆ ಕೆಳಗೆ ಮಾತ್ರವಲ್ಲ, ಎಡಕ್ಕೆ ಬಲಕ್ಕೆ ಎಲ್ಲ ಕಡೆಗೂ ಬಾಗುವ ಕೀಲು. ಬಲವಂತಕ್ಕೆ ಸಿಕ್ಕಿದಾಗ ಅದು ಬದಿಗೂ ತಿರುಗುತ್ತದೆ, ಕೋಲಿನ ಹಿಂಭಾಗವನ್ನು ಪಕ್ಕಕ್ಕೆ ಎಳೆಯುತ್ತದೆ. ಆ ಅರ್ಧ ಡಿಗ್ರಿ ಬಂದದ್ದು ಇಲ್ಲಿಂದ.

ಬಲ ಎಲ್ಲಿಂದ ಬರುತ್ತದೆ?

‘ಸಡಿಲ ಹಿಡಿದರೆ ಏಟಿಗೆ ಬಲ ಬರುವುದು ಹೇಗೆ?’ ಎಂಬ ಸಂದೇಹ ಸಹಜ. ಬಲವಾಗಿ ಹೊಡೆಯಬೇಕಾದಾಗಲಂತೂ ಎಲ್ಲರ ಮುಷ್ಟಿಯೂ ತಾನಾಗಿ ಬಿಗಿಯುತ್ತದೆ. ಆದರೆ ಹಿಚುಕುವ ಬಲ ಚೆಂಡಿಗೆ ತಲುಪುವುದಿಲ್ಲ.

ಕೋಲಿನ ತುದಿಯ ಚರ್ಮದ ಬಿಲ್ಲೆ ಚೆಂಡಿಗೆ ಅಂಟಿಕೊಂಡಿರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ ಮಾತ್ರ. ಚೆಂಡಿನ ತೂಕ ಸುಮಾರು 140 ಗ್ರಾಂ, ಕೋಲಿನ ತೂಕ ಅದರ ಮೂರೂವರೆ ಪಟ್ಟು. ಭಾರದ ವಸ್ತು ಹಗುರವಾದದ್ದಕ್ಕೆ ಬಡಿದಾಗ ಹಗುರವಾದದ್ದು ಮುಂದಕ್ಕೆ ಚಿಮ್ಮುತ್ತದೆ. ಚೆಂಡು ಕೋಲಿಗಿಂತ ಹೆಚ್ಚಿನ ವೇಗದಲ್ಲಿ ಹೊರಟುಬಿಡುತ್ತದೆ. ಕಣ್ಣು ಕಂಡು ಕೈ ಪ್ರತಿಕ್ರಿಯೆ ತೋರಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಚೆಂಡು ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ. ಅಂಗೈಯ ಮಾಂಸವೋ ಮೆತ್ತನೆಯದು. ಅಷ್ಟು ಚಿಕ್ಕ ಗಳಿಗೆಯಲ್ಲಿ ಅದು ಕೋಲಿಗೆ ಹೆಚ್ಚಿನದೇನನ್ನೂ ಸೇರಿಸಲಾರದು.

ಚೆಂಡಿಗೆ ದಕ್ಕುವುದು ಬಡಿಯುವ ಮುನ್ನ ಕೋಲು ಗಳಿಸಿಕೊಂಡ ಸಂವೇಗ. ಸಂವೇಗ ಎಂದರೆ ರಾಶಿ ಮತ್ತು ವೇಗಗಳ ಗುಣಲಬ್ಧ. ಕೋಲಿನ ರಾಶಿ ಬದಲಾಗದು. ವೇಗ ಹೆಚ್ಚಬೇಕಾದರೆ ಅದನ್ನು ಇನ್ನಷ್ಟು ಹಿಂದಕ್ಕೆ ಎಳೆದು, ಸಾವಧಾನವಾಗಿ ವೇಗ ಏರಿಸುತ್ತ ಬರಬೇಕು. ಅದೇ ಬಲದಲ್ಲಿ ಎರಡರಷ್ಟು ದೂರ ತಳ್ಳಿದರೆ ವೇಗ 1.4 ಪಟ್ಟಾಗುತ್ತದೆ. ಬಡಗಿ ಸುತ್ತಿಗೆಯನ್ನು ಹಿಡಿಯುವುದನ್ನು ನೋಡಿದವರಿಗೆ ಇದು ಗೊತ್ತು. ಅವನು ಹಿಡಿಯ ತುದಿಯಲ್ಲಿ ಹಗುರಾಗಿ ಹಿಡಿದು ಬೀಸುತ್ತಾನೆ. ಮೊಳೆಗೆ ಹೊಡೆಯುವುದು ಸುತ್ತಿಗೆಯೇ ಹೊರತು ಅವನ ಮುಷ್ಟಿಯಲ್ಲ.

ಹೆದರಿಕೆಗೆ ಮೊದಲು ಸಿಕ್ಕುವುದು ಮುಷ್ಟಿ

ಇಷ್ಟೆಲ್ಲ ಗೊತ್ತಿದ್ದರೂ ಕೈ ಬಿಗಿಯುವುದು ಏಕೆ? ಬೆರಳುಗಳನ್ನು ಮಡಚುವ ದೊಡ್ಡ ಸ್ನಾಯುಗಳು ಬೆರಳುಗಳಲ್ಲಿಲ್ಲ, ಮುಂದೋಳಿನಲ್ಲಿವೆ. ಅಲ್ಲಿಂದ ಹಗ್ಗದಂಥ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳುಗಳಿಗೆ ಬರುತ್ತವೆ. ಮುಷ್ಟಿ ಬಿಗಿದೊಡನೆ ಮುಂದೋಳು ಕಲ್ಲಾಗುತ್ತದೆ, ಅದರ ಜೊತೆ ಮಣಿಕಟ್ಟೂ ಸೆಟೆದುಕೊಳ್ಳುತ್ತದೆ. ಮನುಷ್ಯ ಹೆದರಿದಾಗ, ಆತಂಕಗೊಂಡಾಗ ಸ್ನಾಯುಗಳು ಅಪ್ಪಣೆ ಕೇಳದೆ ಬಿಗಿಯುತ್ತವೆ. ಮರದ ಕೊಂಬೆಯಿಂದ ಜಾರುವವನಿಗೆ ಅದು ಜೀವ ಉಳಿಸುವ ಗುಣ. ಮಿಲಿಮೀಟರಿನ ಕೆಲಸಕ್ಕೆ ಅದೇ ಶತ್ರು.

ಒತ್ತಡ ಎಂಥವರನ್ನೂ ಬಿಡುವುದಿಲ್ಲ. 1985ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆಯಿತು. ಅದಾಗಲೇ ಮೂರು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಸ್ಟೀವ್ ಡೇವಿಸ್ 8-0 ಮುನ್ನಡೆ ಪಡೆದಿದ್ದರು. ಎದುರಾಳಿ ಡೆನಿಸ್ ಟೇಲರ್ ಒಂದೊಂದೇ ಫ್ರೇಮ್ ಗೆಲ್ಲುತ್ತ 17-17ಕ್ಕೆ ತಂದರು. ಕೊನೆಯ ಫ್ರೇಮಿನಲ್ಲಿ, ನಡುರಾತ್ರಿ ಕಳೆದ ಮೇಲೆ, ಮೇಜಿನ ಮೇಲೆ ಉಳಿದದ್ದು ಒಂದೇ ಕಪ್ಪು ಚೆಂಡು. ಅದನ್ನು ಹಾಕಿದವರಿಗೆ ಪ್ರಶಸ್ತಿ. ಡೇವಿಸ್ ಅಂಥ ಚೆಂಡನ್ನು ಅಭ್ಯಾಸದಲ್ಲಿ ಸಾವಿರ ಸಲ ಹಾಕಿದವರು. ಅಂದು ತಪ್ಪಿದರು. ಟೇಲರ್ ಹಾಕಿ 18-17ರಲ್ಲಿ ಗೆದ್ದರು. ಇಡೀ ಪಂದ್ಯದಲ್ಲಿ ಟೇಲರ್ ಮುಂದೆ ಬಂದದ್ದು ಆ ಒಂದು ಹೊಡೆತದಿಂದ ಮಾತ್ರ. ಜಗತ್ತಿನ ಅಗ್ರ ಆಟಗಾರನಿಗೇ ಹೀಗಾದರೆ, ಅಪ್ಪ ಅಮ್ಮನ ಕಣ್ಣೆದುರು ಆಡುವ ಹನ್ನೆರಡು ವರ್ಷದ ಮಗುವಿನ ಪಾಡೇನು?

ಪಾಲಕರಿಗೆ ಒಂದು ಮಾತು

ಬಿಲಿಯರ್ಡ್ಸ್ ಕೋಣೆ ಎಂದರೆ ತರಗತಿಗೆ ಚಕ್ಕರ್ ಹೊಡೆದವರು ಸೇರುವ ಜಾಗ ಎಂದು ಮೂಗು ಮುರಿಯುವ ಪಾಲಕರು ಅನೇಕರು. ಜಾಗದ ಬಗ್ಗೆ ವಿಚಾರಿಸುವುದು, ಅಲ್ಲಿಗೆ ಒಮ್ಮೆ ಹೋಗಿ ನೋಡುವುದು ತಪ್ಪಲ್ಲ. ಆದರೆ ಆಟವನ್ನೇ ಹಳಿಯಬೇಕಿಲ್ಲ. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಆಟದಲ್ಲಿ ಮೊದಲ ವಿಶ್ವ ಪ್ರಶಸ್ತಿ ಬಂದದ್ದು ಈ ಮೇಜಿನ ಮೇಲೆಯೇ, 1958ರಲ್ಲಿ ವಿಲ್ಸನ್ ಜೋನ್ಸ್ ಕಲ್ಕತ್ತೆಯಲ್ಲಿ ಬಿಲಿಯರ್ಡ್ಸ್ ಗೆದ್ದಾಗ. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ಅಣ್ಣನನ್ನು ನೋಡಿ ಬಾಲ್ಯದಲ್ಲೇ ಕೋಲು ಹಿಡಿದರು. ಅರವಿಂದ ಸವೂರ್ ಅವರ ಬಳಿ ಪಾಠ ಕಲಿತರು. 2003ರಲ್ಲಿ ಚೀನಾದಲ್ಲಿ ನಡೆದ ವಿಶ್ವ ಹವ್ಯಾಸಿ ಸ್ನೂಕರ್ ಸ್ಪರ್ಧೆಯನ್ನು ಗೆದ್ದಾಗ ಅವರಿಗೆ 18 ವರ್ಷ. ಆ ಮೇಲೆ ಬಿಲಿಯರ್ಡ್ಸ್, ಸ್ನೂಕರ್ ಎರಡೂ ಸೇರಿ ಅವರು ಗೆದ್ದ ವಿಶ್ವ ಪ್ರಶಸ್ತಿಗಳು 25ನ್ನೂ ದಾಟಿವೆ. 2018ರಲ್ಲಿ ಪದ್ಮಭೂಷಣವೂ ಸಂದಿತು.

ಮಗು ಕಲಿಯುವುದನ್ನು ನೋಡಲು ಹೋದ ಪಾಲಕರು ಚೆಂಡು ಪಾಕೆಟ್ಟಿಗೆ ಬಿತ್ತೇ ಎಂದು ನೋಡುವ ಬದಲು ಮಗುವಿನ ಬಲಗೈ ಗೆಣ್ಣುಗಳನ್ನು ನೋಡುವುದು ಒಳ್ಳೆಯದು. ಅವು ಬೆಳ್ಳಗಾಗಿದ್ದರೆ ಕಾರಣ ಎರಡರಲ್ಲಿ ಒಂದು. ಹಿಡಿಯುವ ಕ್ರಮ ತಿಳಿದಿಲ್ಲ, ಅದನ್ನು ಗುರು ತಿದ್ದುತ್ತಾರೆ. ಇಲ್ಲವೇ ತಪ್ಪಿದರೆ ಬೈಗುಳ ಕಾದಿದೆ ಎಂಬ ಅಂಜಿಕೆ. ಅದನ್ನು ತಿದ್ದಬೇಕಾದವರು ಹಿಂದೆ ನಿಂತವರೇ. ‘ಸರಿಯಾಗಿ ನೋಡಿ ಹೊಡಿ, ತಪ್ಪಬಾರದು’ ಎಂಬ ಮಾತು ‘ಚೆಲ್ಲೀಯ, ಜೋಕೆ’ ಎಂಬ ಮಾತಿಗೆ ಅಣ್ಣನೋ ತಮ್ಮನೋ ಆಗಬೇಕು. ಎರಡರ ಫಲವೂ ಒಂದೇ.

ಪರೀಕ್ಷೆಯ ಕೋಣೆಯಲ್ಲೂ ಇದನ್ನು ಕಾಣಬಹುದು. ಪೆನ್ನನ್ನು ಹಿಚುಕಿ ಹಿಡಿದು, ಕಾಗದದ ಹಿಂಬದಿಗೂ ಮೂಡುವಂತೆ ಒತ್ತಿ ಬರೆಯುವ ಮಕ್ಕಳು ಒಂದು ಗಂಟೆಯೊಳಗೆ ಕೈ ಕೊಡವತೊಡಗುತ್ತಾರೆ. ಅವರ ಕೈಯಲ್ಲಿರುವುದು ಪೆನ್ನು, ಮುಷ್ಟಿಯಲ್ಲಿರುವುದು ಅಂಕಗಳ ಭಯ. ಸಡಿಲಿಸು ಎಂದು ಬೆರಳಿಗೆ ಹೇಳಿದರೆ ಸಾಲದು, ಭಯವೂ ಸಡಿಲಬೇಕು.

ಮಾಡಿ ನೋಡಿ

1. ಎಡಗೈಯಿಂದ ಬಲ ಮುಂದೋಳನ್ನು ಹಗುರಾಗಿ ಹಿಡಿಯಿರಿ. ಬಲಮುಷ್ಟಿಯನ್ನು ಬಿಗಿಯಿರಿ, ಸಡಿಲಿಸಿ. ಎಡಗೈ ಕೆಳಗೆ ಸ್ನಾಯುಗಳು ಉಬ್ಬಿ ಇಳಿಯುವುದು ತಿಳಿಯುತ್ತದೆ. ಈಗ ಮುಷ್ಟಿ ಬಿಗಿದುಕೊಂಡೇ ಮಣಿಕಟ್ಟನ್ನು ಬೇಗ ಬೇಗ ಅಲ್ಲಾಡಿಸಲು ಪ್ರಯತ್ನಿಸಿ. ಆಮೇಲೆ ಬೆರಳು ಸಡಿಲ ಬಿಟ್ಟು ಅಲ್ಲಾಡಿಸಿ. ವ್ಯತ್ಯಾಸ ನೀವೇ ಕಾಣುವಿರಿ.

2. ಒಂದು ಖಾಲಿ ನೀರಿನ ಬಾಟಲಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಉರುಳದಂತೆ ಎರಡು ಪುಸ್ತಕಗಳ ನಡುವೆ ಇಡಿ. ಬಾಯಿಗಿಂತ ತೆಳುವಾದ, ಮೀಟರ್ ಉದ್ದದ ನೇರ ಕೋಲೊಂದನ್ನು ಎಡಗೈ ಬ್ರಿಡ್ಜಿನ ಮೇಲಿಟ್ಟು, ಬಾಟಲಿಯ ಬಾಯಿಗೆ ತಾಗದಂತೆ ಒಳಕ್ಕೆ ಹೊರಕ್ಕೆ ಹತ್ತು ಸಲ ಆಡಿಸಿ. ಮೊದಲು ಬಿಗಿ ಮುಷ್ಟಿಯಲ್ಲಿ, ಆಮೇಲೆ ಸಡಿಲ ಬೆರಳುಗಳಲ್ಲಿ. ಎಷ್ಟು ಸಲ ತಾಗಿತು ಎಂದು ಗೆಳೆಯನೊಬ್ಬ ಬರೆದುಕೊಳ್ಳಲಿ. ಕೋಲಿನ ಎದುರು ಯಾರೂ ಮುಖ ತರದಂತೆ ಎಚ್ಚರ ವಹಿಸಿ.

3. ಅದೇ ಪ್ರಯೋಗವನ್ನು ಸಡಿಲ ಬೆರಳುಗಳಲ್ಲೇ ಮತ್ತೊಮ್ಮೆ ಮಾಡಿ. ಈ ಬಾರಿ ಮನೆಯವರೆಲ್ಲ ಸುತ್ತ ನಿಂತು ‘ತಾಗೀತು, ತಾಗೀತು!’ ಎಂದು ಕೂಗುತ್ತಿರಲಿ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಮೂರನೆಯ ಈ ಪ್ರಯೋಗದ ಫಲಿತಾಂಶವನ್ನು ಮಕ್ಕಳಿಗಿಂತ ಮೊದಲು ದೊಡ್ಡವರು ಓದಲಿ.